ಕೂತ ಜಾಗವನ್ನೂ ಒಮ್ಮೆ ನೋಡಿ

ಈ ವರ್ಷ ಕಾಲೇಜು ಶುರುವಾದ ಮೊದಲ ವಾರ. ನಮ್ಮ ಕ್ಲಾಸಿಗೆ ಹೊಸ ಮೇಡಂ ಒಬ್ಬರು ಬಂದರು. ಸೆಕೆ ಜಾಸ್ತಿ ಇತ್ತು. ತಮ್ಮ ತಲೆಯ ಮೇಲಿನ ಫ್ಯಾನ್ ಹಾಕಿಕೊಳ್ಳಲು ಸ್ವಿಚ್ ಬೋರ್ಡಿನ ಹತ್ತಿರ ಹೋದರು. ಮೊದಲನೆಯ ಸ್ವಿಚ್ ಒತ್ತಿದರು, ಹಿಂದಿನ ಟ್ಯೂಬ್‌ಲೈಟ್ ಹತ್ತಿತು. ಎರಡನೆಯದು ಒತ್ತಿದರು, ಹುಡುಗರ ಕಡೆ ತಿರುಗುತ್ತಿದ್ದ ಫ್ಯಾನ್ ನಿಂತುಹೋಯಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಆಮೇಲೆ ಯೋಚಿಸಿದೆ. ಒಂದು ವರ್ಷದಿಂದ ಇದೇ ಕೋಣೆಯಲ್ಲಿ ಕೂರುವ ನಮಗಾದರೂ ಯಾವ ಸ್ವಿಚ್ ಯಾವುದಕ್ಕೆಂದು ಗೊತ್ತೇ? ಇಲ್ಲ. ದಿನವೂ ನಾವು ಮಾಡುವುದೂ ಅದನ್ನೇ, ಒಂದೊಂದನ್ನೇ ಒತ್ತಿ ನೋಡುವುದು. ಫ್ಯಾನುಗಳು ಮೇಲೆ ಒಂದು ಕ್ರಮದಲ್ಲಿವೆ, ಸ್ವಿಚ್ಚುಗಳು ಗೋಡೆಯ ಮೇಲೆ ಇನ್ನೊಂದು ಕ್ರಮದಲ್ಲಿವೆ. ಎರಡಕ್ಕೂ ತಾಳೆ ಇಲ್ಲ. ತಪ್ಪು ಮೇಡಂ ಅವರದಲ್ಲ, ಸ್ವಿಚ್ಚುಗಳನ್ನು ಕೂರಿಸಿದ ಜಾಗದ್ದು. ಆದರೆ ನಾವು ನಕ್ಕಿದ್ದು ಬೋರ್ಡನ್ನು ನೋಡಿ ಅಲ್ಲ, ಮೇಡಂ ಅವರನ್ನು ನೋಡಿ.

ಸ್ನೇಹಿತರೇ, ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಒಂದು ವಸ್ತು ಎಲ್ಲಿದೆ, ನಾವು ಎಲ್ಲಿದ್ದೇವೆ ಎಂಬುದು ನಾವು ಏನನ್ನು ಗಮನಿಸುತ್ತೇವೆ, ಎಷ್ಟು ಬೇಗ ಉತ್ತರಿಸುತ್ತೇವೆ, ಎಷ್ಟು ತಪ್ಪು ಮಾಡುತ್ತೇವೆ ಎಂಬುದನ್ನು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ತೀರ್ಮಾನಿಸುತ್ತದೆ. ಆದ್ದರಿಂದ ಒಬ್ಬರನ್ನು ದಡ್ಡರು, ನಿಧಾನ, ಗಮನ ಇಲ್ಲದವರು ಎಂದು ಕರೆಯುವ ಮೊದಲು ಅವರು ಇರುವ ಜಾಗವನ್ನು ಒಮ್ಮೆ ನೋಡಬೇಕು. ಇದು ನಮ್ಮ ಕ್ಲಾಸಿನ ಬೆಂಚುಗಳಿಗೂ ಸಂಬಂಧಿಸಿದ ಮಾತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಅಡುಗೆಮನೆ. 1959ರಲ್ಲಿ ಅಮೆರಿಕದ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಎಂಬ ಇಬ್ಬರು ಸಂಶೋಧಕರು ನಾಲ್ಕು ಬರ್ನರ್‌ಗಳ ಗ್ಯಾಸ್ ಒಲೆಯನ್ನು ಹಿಡಿದು ಒಂದು ಪ್ರಯೋಗ ಮಾಡಿದರು. ನಾಲ್ಕು ಬರ್ನರ್‌ಗಳು ಚೌಕವಾಗಿ ಇದ್ದು, ನಾಲ್ಕು ನಾಬ್‌ಗಳು ಕೆಳಗೆ ಒಂದೇ ಸಾಲಿನಲ್ಲಿದ್ದರೆ ಯಾವ ನಾಬ್ ಯಾವ ಬರ್ನರಿನದು ಎಂಬ ಗೊಂದಲ ತಪ್ಪುವುದಿಲ್ಲ. ಬರ್ನರ್‌ಗಳನ್ನು ಸ್ವಲ್ಪ ಓರೆಯಾಗಿ ಸರಿಸಿ, ಎಡದಿಂದ ಬಲಕ್ಕೆ ನಾಬ್‌ಗಳ ಕ್ರಮಕ್ಕೇ ಹೊಂದುವಂತೆ ಜೋಡಿಸಿದಾಗ ಜನ ತಪ್ಪು ಮಾಡುವುದೇ ನಿಂತಿತು. ಮನುಷ್ಯರು ಅವರೇ, ಬುದ್ಧಿಯೂ ಅದೇ. ಬದಲಾದದ್ದು ಜಾಗ ಮಾತ್ರ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಅದನ್ನು ನೀವೇ ಊಟದ ಬಿಡುವಿನಲ್ಲಿ ಮಾಡಿ ನೋಡಬಹುದು. ಎರಡು ಚೀಟಿ ತೆಗೆದುಕೊಳ್ಳಿ. ಒಂದರಲ್ಲಿ ಕೆಂಪು ಚುಕ್ಕೆ, ಇನ್ನೊಂದರಲ್ಲಿ ಹಸಿರು ಚುಕ್ಕೆ ಹಾಕಿ. ಎದುರಿಗೆ ಕೂತ ಗೆಳತಿಗೆ ಹೇಳಿ: 'ಕೆಂಪು ಕಂಡರೆ ಎಡಗೈ ಎತ್ತು, ಹಸಿರು ಕಂಡರೆ ಬಲಗೈ ಎತ್ತು. ಚೀಟಿ ಯಾವ ಕಡೆ ಬಂದರೂ ತಲೆ ಕೆಡಿಸಿಕೊಳ್ಳಬೇಡ, ಬಣ್ಣ ಮಾತ್ರ ನೋಡು.' ಈಗ ಚೀಟಿಗಳನ್ನು ಒಮ್ಮೆ ಅವಳ ಎಡಕ್ಕೆ, ಒಮ್ಮೆ ಬಲಕ್ಕೆ ಬೇಗ ಬೇಗ ತೋರಿಸಿ. ಕೆಂಪು ಎಡಗಡೆ ಬಂದಾಗ ಕೈ ಸಲೀಸಾಗಿ ಏಳುತ್ತದೆ. ಅದೇ ಕೆಂಪು ಬಲಗಡೆ ಬಂದಾಗ ಕೈ ತಡವರಿಸುತ್ತದೆ. ಕೆಲವೊಮ್ಮೆ ತಪ್ಪು ಕೈ ಎದ್ದೇ ಬಿಡುತ್ತದೆ. ಜಾಗಕ್ಕೂ ಉತ್ತರಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿದ್ದರೂ ಹೀಗಾಗುತ್ತದೆ.

ಮನೋವಿಜ್ಞಾನದಲ್ಲಿ ಇದಕ್ಕೆ ಸೈಮನ್ ಪರಿಣಾಮ ಎಂದು ಹೆಸರು. 1967ರಲ್ಲಿ ಜೆ. ರಿಚರ್ಡ್ ಸೈಮನ್ ತಮ್ಮ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ ಬಣ್ಣದ ಬದಲು ಶಬ್ದ ಇತ್ತು. ಕಿವಿಗೆ ಹೆಡ್‌ಫೋನ್ ಹಾಕಿ, 'ಎಡ' ಅಥವಾ 'ಬಲ' ಎಂಬ ಪದವನ್ನು ಒಂದು ಕಿವಿಗೆ ಮಾತ್ರ ಕೇಳಿಸಿದರು. ಪದದ ಅರ್ಥಕ್ಕೆ ತಕ್ಕ ಗುಂಡಿ ಒತ್ತಬೇಕು, ಯಾವ ಕಿವಿಯಲ್ಲಿ ಕೇಳಿಸಿತು ಎಂಬುದು ಲೆಕ್ಕಕ್ಕಿಲ್ಲ. ಆದರೂ 'ಬಲ' ಎಂಬ ಪದ ಎಡಗಿವಿಗೆ ಬಿದ್ದಾಗ ಉತ್ತರ ತಡವಾಯಿತು. ಆಮೇಲೆ ಬಂದ ಅನೇಕ ಪ್ರಯೋಗಗಳಲ್ಲಿ ಈ ತಡ ಸಾಮಾನ್ಯವಾಗಿ ಒಂದು ಸೆಕೆಂಡಿನ ನೂರು ಭಾಗದಲ್ಲಿ ಎರಡು ಮೂರು ಭಾಗದಷ್ಟು. ಬಹಳ ಸಣ್ಣದು. ಆದರೆ ಅದು ಹೇಳುವ ವಿಷಯ ದೊಡ್ಡದು. ಯಾವ ಕಡೆಯಿಂದ ಕರೆ ಬಂತೋ ಆ ಕಡೆಗೆ ಕೈ ಹೊರಡಲು ಸಿದ್ಧವಾಗುವುದು ಮೊದಲು, ಬುದ್ಧಿ ಬಂದು 'ಅಲ್ಲ, ಈ ಕಡೆ' ಎನ್ನುವುದು ಆಮೇಲೆ.

ಗಮನವೂ ಹೀಗೆಯೇ. ಮೈಕೆಲ್ ಪೋಸ್ನರ್ ಎಂಬವರು 1980ರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಕಣ್ಣು ಕದಲಿಸದೆ ಪರದೆಯ ಮಧ್ಯವನ್ನೇ ನೋಡುತ್ತಿದ್ದರೂ, ಬಾಣದ ಗುರುತೊಂದು 'ಬಲಕ್ಕೆ ಬರಬಹುದು' ಎಂದು ಸೂಚಿಸಿದರೆ ಬಲಕ್ಕೆ ಬಂದ ಬೆಳಕು ಬೇಗ ತಿಳಿಯುತ್ತದೆ. ಎಡಕ್ಕೆ ಬಂದರೆ ತಡವಾಗುತ್ತದೆ. ಎದುರುನೋಡಿದ ಕಡೆ ಬೇಗ ಕಾಣುತ್ತದೆ, ಎದುರುನೋಡದ ಕಡೆ ತಡವಾಗಿ ಕಾಣುತ್ತದೆ.

ಇದು ಪರೀಕ್ಷೆಗೆ ಓದುವ ವಿಷಯ ಮಾತ್ರವಲ್ಲ, ರಸ್ತೆಯ ವಿಷಯವೂ ಹೌದು. ನಮ್ಮ ಮಾಮು ಆರು ವರ್ಷ ಸೌದಿಯಲ್ಲಿದ್ದು ಊರಿಗೆ ಬಂದರು. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಹಾಗಾಗಿ ರಸ್ತೆಗಿಳಿಯುವವರು ಮೊದಲು ಎಡಕ್ಕೆ ನೋಡಬೇಕು. ಇಲ್ಲಿ ನಾವು ಮೊದಲು ಬಲಕ್ಕೆ ನೋಡಬೇಕು. ಬಂದ ಎರಡನೇ ದಿನ ಮಾಮು ಎಡಕ್ಕೆ ಕತ್ತು ತಿರುಗಿಸಿ ನೋಡಿ, 'ಖಾಲಿ ಇದೆ ಬಾ' ಎಂದು ಕಾಲಿಟ್ಟರು. ಬಲಗಡೆಯಿಂದ ಬಸ್ಸು ಬರುತ್ತಿತ್ತು. ಮಾಮಿ ತೋಳು ಹಿಡಿದು ಎಳೆದುಕೊಳ್ಳದಿದ್ದರೆ ಏನಾಗುತ್ತಿತ್ತೋ. ಹುಟ್ಟಿ ಬೆಳೆದ ಊರಿನ ರಸ್ತೆಯಲ್ಲೇ ಅವರು ಪರದೇಶಿಯಂತಾಗಿದ್ದರು. ಲಂಡನ್ನಿನ ರಸ್ತೆಗಳಲ್ಲಿ ಪಾದಚಾರಿಗಳು ದಾಟುವ ಕಡೆ 'ಬಲಕ್ಕೆ ನೋಡಿ' ಎಂದು ನೆಲದ ಮೇಲೆಯೇ ಬರೆದಿರುತ್ತಾರಂತೆ. ಬೇರೆ ದೇಶದಿಂದ ಬಂದವರ ಕತ್ತು ಮೊದಲು ತಪ್ಪು ಕಡೆ ತಿರುಗುತ್ತದೆ ಎಂಬುದು ಅವರಿಗೆ ಗೊತ್ತು. 'ನೋಡಿಕೊಂಡು ದಾಟಬಾರದೇ' ಎಂದು ಬೈಯುವ ಬದಲು ನೋಡಬೇಕಾದ ಜಾಗವನ್ನೇ ತೋರಿಸಿದ್ದಾರೆ.

ಚಿತ್ರದುರ್ಗ, ಹಿರಿಯೂರು ಎರಡೂ ಊರುಗಳ ಪಕ್ಕ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಅದರ ಸರ್ವಿಸ್ ರಸ್ತೆಗಳಲ್ಲಿ ಎದುರು ದಿಕ್ಕಿನಿಂದ ನುಗ್ಗಿ ಬರುವ ಬೈಕುಗಳನ್ನು ನಾವೆಲ್ಲ ನೋಡಿದ್ದೇವೆ, ನಮ್ಮಲ್ಲಿ ಕೆಲವರು ಓಡಿಸಿಯೂ ಇದ್ದೇವೆ. 'ಸ್ವಲ್ಪ ದೂರ ತಾನೇ, ನಿಧಾನಕ್ಕೆ ಹೋಗ್ತೀನಿ' ಎನ್ನುತ್ತೇವೆ. ಆದರೆ ಅಪಾಯ ಇರುವುದು ವೇಗದಲ್ಲಿ ಮಾತ್ರವಲ್ಲ. ಯಾರೂ ಎದುರುನೋಡದ ಕಡೆಯಿಂದ ನಾವು ಬರುತ್ತಿದ್ದೇವೆ ಎಂಬುದರಲ್ಲಿದೆ. ದಾಟುವ ಅಜ್ಜಿ ಬಲಕ್ಕೆ ನೋಡುತ್ತಿರುತ್ತಾರೆ, ನಾವು ಎಡದಿಂದ ಬರುತ್ತಿರುತ್ತೇವೆ. ಅವರ ಕಣ್ಣು ಚೆನ್ನಾಗಿದ್ದರೂ ನಾವು ಅವರಿಗೆ ತಡವಾಗಿಯೇ ಕಾಣುತ್ತೇವೆ.

ಇನ್ನೊಂದು ಉದಾಹರಣೆ ನಮ್ಮ ಕಾಲೇಜಿಗೆ ಬಹಳ ಹತ್ತಿರದ್ದು. ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಇದ್ದೇವೆ, ಉರ್ದು ಮಾಧ್ಯಮದಿಂದ ಬಂದವರೂ ಇದ್ದೇವೆ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಪ್ರಥಮ ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಹೊಸ ನೋಟ್‌ಬುಕ್ಕನ್ನು ಎಷ್ಟೋ ಸಲ ಹಿಂದಿನಿಂದ ತೆರೆಯುತ್ತಿದ್ದಳು. ನಮಗದು ಹಿಂದು, ಅವಳಿಗದು ಮುಂದು. ಬೋರ್ಡಿನ ಮೇಲೆ ಎರಡು ಕಾಲಂ ಬರೆದರೆ ಅವಳ ಕಣ್ಣು ಮೊದಲು ಬಲಗಡೆಯ ಕಾಲಂಗೆ ಹೋಗುತ್ತಿತ್ತು. 'ಎಲ್ಲಿ ನೋಡ್ತಾ ಇದೀಯಾ?' ಎಂದು ಅವಳು ಬೈಸಿಕೊಂಡದ್ದುಂಟು. ಅವಳು ನೋಡುತ್ತಿದ್ದದ್ದು ಹತ್ತು ವರ್ಷ ಓದಿದ ಶಾಲೆ ಕಲಿಸಿದ ಕಡೆಗೆ.

ಈ ಬಗ್ಗೆಯೂ ಸಂಶೋಧನೆ ನಡೆದಿದೆ. ಫ್ರಾನ್ಸಿನ ಸ್ಟಾನಿಸ್ಲಾಸ್ ಡಿಹಾನ್ ಮತ್ತು ಜೊತೆಗಾರರು 1993ರಲ್ಲಿ ತೋರಿಸಿದ್ದೇನೆಂದರೆ, ಎಡದಿಂದ ಬಲಕ್ಕೆ ಓದುವ ಜನ ಚಿಕ್ಕ ಸಂಖ್ಯೆಗೆ ಎಡಗೈಯಿಂದ ಬೇಗ ಉತ್ತರಿಸುತ್ತಾರೆ, ದೊಡ್ಡ ಸಂಖ್ಯೆಗೆ ಬಲಗೈಯಿಂದ ಬೇಗ ಉತ್ತರಿಸುತ್ತಾರೆ. ಮನಸ್ಸಿನೊಳಗೆ ಸಂಖ್ಯೆಗಳು ಸ್ಕೇಲಿನ ಮೇಲಿದ್ದಂತೆ ಸಾಲಾಗಿ ನಿಂತಿವೆಯೋ ಎಂಬಂತೆ. 2009ರಲ್ಲಿ ಶಾಕಿ, ಫಿಷರ್ ಮತ್ತು ಪೆಟ್ರುಸಿಕ್ ಎಂಬವರು ಪ್ಯಾಲೆಸ್ಟೀನಿನ ಓದುಗರನ್ನು ಪರೀಕ್ಷಿಸಿದರು. ಅವರು ಪದಗಳನ್ನೂ ಅಂಕಿಗಳನ್ನೂ ಅರೇಬಿಕ್ ರೀತಿಯಲ್ಲಿ ಬಲದಿಂದ ಓದುವವರು. ಅವರಲ್ಲಿ ಈ ಸಾಲು ತಿರುಗಿ ನಿಂತಿತ್ತು, ಚಿಕ್ಕದು ಬಲಕ್ಕೆ, ದೊಡ್ಡದು ಎಡಕ್ಕೆ. ಪದಗಳನ್ನು ಬಲದಿಂದಲೂ ಅಂಕಿಗಳನ್ನು ಎಡದಿಂದಲೂ ಓದುವ ಹೀಬ್ರೂ ಓದುಗರಲ್ಲಿ ಯಾವ ಕಡೆಗೂ ಸ್ಪಷ್ಟ ಒಲವು ಕಾಣಲಿಲ್ಲ. ಉರ್ದು ಓದಿ, ಗಣಿತವನ್ನು ಎಡದಿಂದ ಬಲಕ್ಕೆ ಮಾಡುವ ನಮ್ಮ ಗೆಳೆಯರೂ ಎರಡು ದಿಕ್ಕುಗಳನ್ನು ಒಟ್ಟಿಗೆ ನಿಭಾಯಿಸುವವರೇ. ಅದು ಕೊರತೆ ಅಲ್ಲ. ಆದರೆ ಬೋರ್ಡಿನಲ್ಲಿ ಎಲ್ಲಿಂದ ನೋಡಬೇಕು ಎಂದು ಬಾಣ ಹಾಕಿ ತೋರಿಸಿದರೆ ಅವರಿಗೆ ಅರ್ಧ ಶ್ರಮ ಉಳಿಯುತ್ತದೆ.

ಜಾಗದ ಬಲ ಎಷ್ಟು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ, ನಮ್ಮ ಏಳು ಸುತ್ತಿನ ಕೋಟೆ ಹತ್ತಿದರೆ ಸಾಕು. ಬಾಗಿಲುಗಳು ಒಂದರ ಎದುರು ಒಂದು ನೇರವಾಗಿ ಇಲ್ಲ. ದಾರಿ ತಿರುತಿರುಗಿ ಹೋಗುತ್ತದೆ. ಒಳನುಗ್ಗುವವನಿಗೆ ಮುಂದಿನ ತಿರುವಿನಲ್ಲಿ ಏನಿದೆ ಎಂದು ಕಾಣುವುದಿಲ್ಲ, ಮೇಲೆ ನಿಂತವನಿಗೆ ಎಲ್ಲವೂ ಕಾಣುತ್ತದೆ. ಒನಕೆ ಓಬವ್ವನ ಕಿಂಡಿಯನ್ನು ನಾವೆಲ್ಲ ಬಗ್ಗಿ ನೋಡಿದ್ದೇವೆ. ಹೈದರ್ ಅಲಿಯ ಸೈನಿಕರು ಆ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬಂದರು, ಕಾವಲುಗಾರನ ಹೆಂಡತಿ ಓಬವ್ವ ಪಕ್ಕದಲ್ಲಿ ಒನಕೆ ಹಿಡಿದು ನಿಂತಳು ಎಂಬುದು ಈ ಊರು ಹೇಳಿಕೊಂಡು ಬಂದ ಕಥೆ. ಓಬವ್ವನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಜೊತೆಗೆ ಅವಳು ಆರಿಸಿಕೊಂಡ ಜಾಗವನ್ನೂ ನೋಡಿ. ತೆವಳಿಕೊಂಡು ತಲೆ ಹೊರಹಾಕಿದವನಿಗೆ ಪಕ್ಕದಲ್ಲಿರುವುದು ಕಾಣುವುದಿಲ್ಲ, ಕಂಡರೂ ಕೈ ಎತ್ತಲು ಜಾಗವಿಲ್ಲ. ಆ ಸೈನಿಕರು ಹೇಡಿಗಳಾಗಿರಲಿಲ್ಲ. ಬಯಲಿನಲ್ಲಿ ನಿಂತಿದ್ದರೆ ಕಥೆಯೇ ಬೇರೆ. ಆ ಜಾಗದಲ್ಲಿ ಅವರ ಕಣ್ಣಿಗೂ ಕೈಗೂ ಕೆಲಸ ಇರಲಿಲ್ಲ.

ಈಗ ಬೆಂಚಿಗೆ ಬರೋಣ. ನಾನು ಹೊಳಲ್ಕೆರೆ ಕಡೆಯ ಹಳ್ಳಿಯವಳು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಸ್ಸಿನಲ್ಲಿ ಬರುವವರು ನಮ್ಮ ಕ್ಲಾಸಿನಲ್ಲಿ ಅನೇಕರಿದ್ದಾರೆ. ಬಸ್ಸು ನಮ್ಮ ಕೈಯಲ್ಲಿಲ್ಲ. ನಾವು ಬಾಗಿಲಿಗೆ ಬರುವ ಹೊತ್ತಿಗೆ ಮುಂದಿನ ಬೆಂಚುಗಳು ತುಂಬಿರುತ್ತವೆ. ಉಳಿದಿರುವುದು ಕೊನೆಯ ಎರಡು ಸಾಲು. ಮೊದಲ ವಾರ ಕೂತ ಜಾಗವೇ ವರ್ಷಪೂರ್ತಿ ನಮ್ಮ ಜಾಗವಾಗುತ್ತದೆ. ಆಮೇಲೆ ಅದೇ ನಮ್ಮ ಹೆಸರೂ ಆಗುತ್ತದೆ, 'ಲಾಸ್ಟ್ ಬೆಂಚಿನವರು'.

ಕಳೆದ ವರ್ಷ ನಾನು ಅಲ್ಲಿ ಕೂತಿದ್ದೆ. ಅಲ್ಲಿಂದ ಬೋರ್ಡಿನ ಕೆಳಗಿನ ಎರಡು ಸಾಲು ಕಾಣುವುದಿಲ್ಲ, ಮುಂದಿನವರ ತಲೆ ಅಡ್ಡ ಬರುತ್ತದೆ. ಫ್ಯಾನಿನ ಸದ್ದಿನಲ್ಲಿ ಪ್ರಶ್ನೆ ಪೂರ್ತಿ ಕೇಳಿಸುವುದಿಲ್ಲ. ಉತ್ತರ ಗೊತ್ತಿದ್ದು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರು ಹೇಳಿ ಮುಗಿಸಿರುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ಐದನೇ ಸಲ ಬಾಯಿ ತೆರೆಯುವ ಮನಸ್ಸೇ ಬರುವುದಿಲ್ಲ. ಆರು ತಿಂಗಳಾದ ಮೇಲೆ, ಕನ್ನಡಕ ಬೇಕೆಂದು ಡಾಕ್ಟರು ಹೇಳಿದ್ದರಿಂದ ಕ್ಲಾಸ್ ಟೀಚರ್ ನನ್ನನ್ನು ಎರಡನೇ ಬೆಂಚಿಗೆ ಕಳಿಸಿದರು. ಅದೇ ವಾರ ಮೂರು ಜನ ಲೆಕ್ಚರರ್‌ಗಳು ನನಗೆ ಪ್ರಶ್ನೆ ಕೇಳಿದರು. ಅದಕ್ಕೂ ಮೊದಲು ಅವರಲ್ಲಿ ಇಬ್ಬರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಾನು ಒಂದು ವಾರದಲ್ಲಿ ಜಾಣೆಯಾದೆನೇ? ಇಲ್ಲ. ಅವರ ಕಣ್ಣು ಬೀಳುವ ಜಾಗಕ್ಕೆ ಬಂದಿದ್ದೆ, ಅಷ್ಟೇ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. 1970ರಲ್ಲಿ ಆಡಮ್ಸ್ ಮತ್ತು ಬಿಡಲ್ ಎಂಬ ಇಬ್ಬರು ಸಂಶೋಧಕರು ತರಗತಿಗಳನ್ನು ಗಮನಿಸಿ ಒಂದು ಪುಸ್ತಕ ಪ್ರಕಟಿಸಿದರು. ಶಿಕ್ಷಕರ ಜೊತೆ ಮಾತು ನಡೆಯುವುದು ಹೆಚ್ಚಾಗಿ ಮುಂದಿನ ಸಾಲಿನಲ್ಲಿ ಮತ್ತು ಮಧ್ಯದ ಪಟ್ಟಿಯಲ್ಲಿ ಕೂತವರದು ಎಂದು ಅವರು ಕಂಡುಕೊಂಡರು. ಹಿಂದಿನ ಮೂಲೆಗಳಲ್ಲಿ ಕೂತವರು ಬಹಳ ಮಟ್ಟಿಗೆ ಕೇಳುವವರಾಗಿಯೇ ಉಳಿಯುತ್ತಾರೆ. ಶಿಕ್ಷಕರು ಬೇಕೆಂದು ಹೀಗೆ ಮಾಡುವುದಿಲ್ಲ. ನಿಂತ ಜಾಗದಿಂದ ಯಾರ ಮುಖ ಕಾಣುತ್ತದೋ ಅವರನ್ನು ಕೇಳುತ್ತಾರೆ. ಪೋಸ್ನರ್ ಹೇಳಿದ ಮಾತು ಇಲ್ಲಿಯೂ ನಿಜ, ಉತ್ತರ ಯಾವ ಕಡೆಯಿಂದ ಬರುತ್ತದೆ ಎಂದು ಎದುರುನೋಡುತ್ತಾರೋ ಆ ಕಡೆ ಎತ್ತಿದ ಕೈ ಮೊದಲು ಕಾಣುತ್ತದೆ.

ಕೆಲವರು ಕೇಳಬಹುದು: 'ಓದುವ ಆಸಕ್ತಿ ಇರುವವರು ತಾವೇ ಮುಂದೆ ಕೂರುತ್ತಾರೆ. ಮಾತಾಡಬೇಕು, ನಿದ್ದೆ ಮಾಡಬೇಕು ಅನ್ನುವವರು ಹಿಂದೆ ಹೋಗುತ್ತಾರೆ. ಇದರಲ್ಲಿ ಬೆಂಚಿನ ತಪ್ಪೇನು?' ಈ ಮಾತಿನಲ್ಲಿ ಸತ್ಯ ಇದೆ. ಮುಂದೆ ಕೂತವರಿಗೆಲ್ಲ ಹೆಚ್ಚು ಅಂಕ ಬಂದರೆ ಅದು ಬೆಂಚಿನ ಮಹಿಮೆ ಎಂದು ನಾನು ಹೇಳುವುದಿಲ್ಲ. ಆದರೆ ಹೊಸದುರ್ಗದ ಬಸ್ಸಿನಲ್ಲಿ ಬಂದ ಹುಡುಗ ಹಿಂದಿನ ಬೆಂಚನ್ನು ಆರಿಸಿಕೊಳ್ಳಲಿಲ್ಲ. ಬಸ್ಸಿನ ಟೈಮ್ ಟೇಬಲ್ ಅವನನ್ನು ಅಲ್ಲಿ ಕೂರಿಸಿತು. ತಾನಾಗಿ ಹೋದವನಿಗೂ ಬೇರೆ ದಾರಿಯಿಲ್ಲದೆ ಹೋದವನಿಗೂ ಒಂದೇ ಹೆಸರು ಇಡುವುದು ನ್ಯಾಯವಲ್ಲ.

2025ರಲ್ಲಿ ಕೇರಳದ ಕೆಲವು ಶಾಲೆಗಳು 'ಸ್ಥಾನಾರ್ಥಿ ಶ್ರೀಕುಟ್ಟನ್' ಎಂಬ ಮಲಯಾಳಂ ಸಿನಿಮಾದಿಂದ ಪ್ರೇರಣೆ ಪಡೆದು ಬೆಂಚುಗಳನ್ನು ಅರ್ಧ ವೃತ್ತವಾಗಿ ಹಾಕಿದವು. ಹಿಂದಿನ ಬೆಂಚೇ ಇಲ್ಲದ ಕ್ಲಾಸು. ಆ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ನಮ್ಮ ಕ್ಲಾಸಿನಲ್ಲಿರುವ ಜನಕ್ಕೆ ಅಷ್ಟು ಜಾಗ ಸಾಲದು. ಆದರೆ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ.

ಒಂದು, ಪ್ರತಿ ಸೋಮವಾರ ಎಲ್ಲರೂ ಒಂದೊಂದು ಬೆಂಚು ಹಿಂದಕ್ಕೆ ಸರಿಯೋಣ, ಕೊನೆಯ ಬೆಂಚಿನವರು ಮೊದಲ ಬೆಂಚಿಗೆ ಬರಲಿ. ತಿಂಗಳಿಗೊಮ್ಮೆ ಹುಡುಗರ ಕಡೆ, ಹುಡುಗಿಯರ ಕಡೆ ಕೂಡ ಅದಲುಬದಲಾಗಲಿ, ಏಕೆಂದರೆ ಒಂದು ಕಡೆಯವರಿಗೆ ಕಿಟಕಿಯ ಬೆಳಕು ಬೋರ್ಡಿನ ಮೇಲೆ ಬಿದ್ದು ಅಕ್ಷರ ಕಾಣುವುದಿಲ್ಲ. ಕಣ್ಣು, ಕಿವಿಯ ತೊಂದರೆ ಇರುವವರು ಮಾತ್ರ ಮುಂದೆಯೇ ಇರಲಿ. ಜಾಗ ಎಲ್ಲರಿಗೂ ನಿಗದಿಯಾಗಿದ್ದರೆ ತಡವಾಗಿ ಬಂದ ಬಸ್ಸಿನವರ ಜಾಗವೂ ಅವರಿಗಾಗಿ ಕಾದಿರುತ್ತದೆ.

ಎರಡು, ಎಡಗೈಯಲ್ಲಿ ಬರೆಯುವವರಿಗೆ ಬೆಂಚಿನ ಎಡತುದಿ ಕೊಡೋಣ. ಮಧ್ಯದಲ್ಲಿ ಕೂತರೆ ಅವರ ಮೊಣಕೈಗೂ ಪಕ್ಕದವರ ಮೊಣಕೈಗೂ ದಿನವೂ ಜಗಳ. ಮೂರು ಗಂಟೆಯ ಪರೀಕ್ಷೆಗೆ ತಯಾರಾಗುವವರಿಗೆ ಇದು ಸಣ್ಣ ವಿಷಯವಲ್ಲ.

ಮೂರು, ಇದು ನಮ್ಮ ಲೆಕ್ಚರರ್‌ಗಳಲ್ಲಿ ವಿನಂತಿ. ಪ್ರತಿ ಪಿರಿಯಡ್‌ನಲ್ಲಿ ಒಮ್ಮೆಯಾದರೂ ಹಿಂದಿನ ಗೋಡೆಯವರೆಗೆ ನಡೆದು ಬನ್ನಿ. ಒಂದು ಪ್ರಶ್ನೆಯನ್ನು ಅಲ್ಲಿ ನಿಂತು ಕೇಳಿ. ನೀವು ಅಲ್ಲಿ ನಿಂತಾಗ ಕೊನೆಯ ಬೆಂಚೇ ಮೊದಲ ಬೆಂಚಾಗುತ್ತದೆ. ಕೇಳಿದ ಮೇಲೆ ಸ್ವಲ್ಪ ಕಾಯಿರಿ, ಮೊದಲು ಬಂದ ಉತ್ತರವನ್ನೇ ತೆಗೆದುಕೊಳ್ಳಬೇಡಿ.

ನಾಲ್ಕು, ಸ್ವಿಚ್ ಬೋರ್ಡಿನ ಮೇಲೆ ಹೆಸರು ಬರೆದು ಅಂಟಿಸೋಣ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ ಎಂದುಕೊಂಡು ಕಳೆದ ವಾರ ನಾವು ಮೂವರು ಸೇರಿ ಮಾಡಿಯೇ ಬಿಟ್ಟೆವು. 'ಮುಂದಿನ ಫ್ಯಾನ್', 'ಕಿಟಕಿ ಕಡೆ ಫ್ಯಾನ್', 'ಹಿಂದಿನ ಲೈಟ್' ಎಂದು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಉರ್ದುವಿನಲ್ಲೂ ಬರೆದೆವು. ಮಾರನೇ ದಿನ ಮೇಡಂ ಬಂದು ಬೋರ್ಡ್ ನೋಡಿದರು, ಒಂದೇ ಸಲಕ್ಕೆ ತಮ್ಮ ಫ್ಯಾನ್ ಹಾಕಿಕೊಂಡರು. ಯಾರೂ ನಗಲಿಲ್ಲ, ನಗಲು ಕಾರಣವೇ ಇರಲಿಲ್ಲ.

ಕೊನೆಯದಾಗಿ ಒಂದು ಮಾತು. ನಾನು ಈಗ ಎರಡನೇ ಬೆಂಚಿನಲ್ಲಿದ್ದೇನೆ. ಕನ್ನಡಕ ಬಂದ ಮೇಲೆ ಹಿಂದಿನಿಂದಲೂ ಬೋರ್ಡು ಕಾಣುತ್ತದೆ. ಹಾಗಾಗಿ ಜಾಗ ಬದಲಾಯಿಸಿ ಎಂದು ಬರೆಯುವ ನಾನು ನನ್ನ ಜಾಗವನ್ನೇ ಹಿಡಿದು ಕೂರುವುದು ಸರಿಯಲ್ಲ. ಬರುವ ಸೋಮವಾರ ನಾನು ಹಿಂದಕ್ಕೆ ಹೋಗುತ್ತೇನೆ. ಹಿರಿಯೂರಿನ ಬಸ್ಸಿನಲ್ಲಿ ಬರುವವರಲ್ಲಿ ಯಾರಾದರೂ ಬಂದು ಎರಡನೇ ಬೆಂಚಿನಲ್ಲಿ ಕೂರಿ. ನಿಮ್ಮ ಬಸ್ಸು ತಡವಾದರೂ ಚಿಂತೆಯಿಲ್ಲ, ನಾನು ಬ್ಯಾಗ್ ಇಟ್ಟು ಜಾಗ ಹಿಡಿದಿರುತ್ತೇನೆ.